ತರಗತಿ: ನಿವೃತ್ತ

ನಮ್ಮ ಕಲಬುರಗಿಯಲ್ಲಿ ದೊಡ್ಡವರಿಗೆ ಚಿತ್ರಕಲೆ ಕಲಿಸುವ ಸಂಜೆ ಕ್ಲಾಸಿಗೆ ಸೇರಬೇಕೆಂದರೆ ಮೊದಲು ಅಪ್ಪನನ್ನು ಕರಕೊಂಡು ಬರಬೇಕು. ಅರ್ಜಿ ಹಾಗೆ ಹೇಳುತ್ತದೆ. ಮಕ್ಕಳ ಬ್ಯಾಚಿಗೆಂದು ಅಚ್ಚು ಹಾಕಿಸಿದ ಫಾರಂಗಳ ಕಟ್ಟು ಇನ್ನೂ ಖಾಲಿಯಾಗಿಲ್ಲವಾದ್ದರಿಂದ ನಮಗೂ ಅದನ್ನೇ ಕೊಟ್ಟರು. ವಿದ್ಯಾರ್ಥಿಯ ಹೆಸರು, ತರಗತಿ, ಶಾಲೆ, ಕೊನೆಗೆ ಪಾಲಕರ ಸಹಿ. ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನವಿಡೀ ಮಂದಿಯ ಸಹಿ ತಾಳೆ ನೋಡುವವಳು ನಾನು. ಖಾಲಿ ಬಿಟ್ಟ ಸಹಿಯ ಜಾಗ ಕಂಡರೆ ನನಗೆ ಊಟ ಸೇರುವುದಿಲ್ಲ. ಮಗಳ ಕೈಲಿ ಹಾಕಿಸಿದೆ. ಪಿಯುಸಿ ಓದುವ ಹುಡುಗಿ, "ಹೋಮ್‌ವರ್ಕ್ ಮಾಡ್ಲಿಲ್ಲಂದ್ರ ಬಿಡಸಿಬಿಡ್ತೀನಿ ನೋಡವ್ವಾ" ಎಂದು ಷರತ್ತು ಹಾಕಿಯೇ ಸಹಿ ಮಾಡಿದಳು. ಅವಳಿಗೆ ಅಷ್ಟು ಖುಷಿ ಕೊಟ್ಟ ಕಾಗದ ಇನ್ನೊಂದಿರಲಿಕ್ಕಿಲ್ಲ.

ನನ್ನ ಪಕ್ಕದಲ್ಲಿ ಫಾರಂ ತುಂಬುತ್ತಿದ್ದವರು ನಿವೃತ್ತ ತಹಶೀಲ್ದಾರ್ ಸಾಹೇಬರು. ಅವರು ಕನ್ನಡಕ ಏರಿಸಿ ಮತ್ತೆ ಮತ್ತೆ ಓದಿದರು. ತರಗತಿ ಎಂಬಲ್ಲಿ 'ನಿವೃತ್ತ' ಎಂದು ಬರೆದರು. ಪಾಲಕರ ಸಹಿ ಎಂಬಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದು, ಅದಕ್ಕೊಂದು ಸಹಿ ಜಡಿದು, ಕೆಳಗೆ ತಾರೀಖು ಹಾಕಿದರು.

ಕ್ಲಾಸು ನಡೆಯುವುದು ಒಂದು ಕಟ್ಟಡದ ಮಹಡಿಯ ಹಾಲಿನಲ್ಲಿ. ಕೆಳಗೆ ಶಹಾಬಾದ್ ಫರಸಿ, ಮೇಲೆ ತಗಡು. ನಮಗಿಂತ ಮೊದಲು ಮಕ್ಕಳ ಬ್ಯಾಚು ಮುಗಿಯುತ್ತದೆ. ಅವು ಆನೆ, ಏರೋಪ್ಲೇನು, ಅಮ್ಮ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಎಬ್ಬಿಸಿ, ಮೊಣಕೈವರೆಗೆ ಬಣ್ಣ ಬಳಕೊಂಡು ಇಳಿದುಹೋಗುತ್ತವೆ. ಆಮೇಲೆ ನಾವು ಹತ್ತುತ್ತೇವೆ, ಮೊಣಕಾಲು ಹಿಡಕೊಂಡು. ಮಾಸ್ತರು ನಮ್ಮೆಲ್ಲರಿಗಿಂತ ಚಿಕ್ಕ ವಯಸ್ಸಿನವರು. ಮಕ್ಕಳಿಗೆ ಕಲಿಸುವಾಗ ಅವರ ಗಂಟಲು ಹೋಗುತ್ತದೆ, ನಮಗೆ ಕಲಿಸುವಾಗ ತಾಳ್ಮೆ ಹೋಗುತ್ತದೆ. ಮಗು "ಸರ್, ಆಯ್ತು" ಎನ್ನುತ್ತದೆ. ನಾವು "ಸರ್, ಶುರು ಮಾಡಲೇನ್ರಿ?" ಎಂದು ಕೇಳುತ್ತ ಕೂತಿರುತ್ತೇವೆ. ದಪ್ಪ ಹಾಳೆಯ ರೇಟು ನಮಗೆ ಗೊತ್ತಿರುವುದೇ ಇದಕ್ಕೆ ಕಾರಣವೆಂದು ನನ್ನ ಅಂದಾಜು.

ಮೊದಲು ಕೂರಿಸಿದ್ದು ಒಂದು ತಾಮ್ರದ ಚರಗಿ, ಎರಡು ಬದನೆಕಾಯಿ, ಒಂದು ಪಪ್ಪಾಯಿ. ಚರಗಿಯ ಬಾಯಿಯನ್ನು ಎಲ್ಲರೂ ಮೊಟ್ಟೆಯಾಕಾರಕ್ಕೆ ತೆಗೆದೆವು, ಬುಡಕ್ಕೆ ಮಾತ್ರ ಪಟ್ಟಿ ಇಟ್ಟು ಸೀದಾ ಗೆರೆ ಎಳೆದೆವು. ಮಾಸ್ತರು ಸುತ್ತಿ ನೋಡಿ, "ಬಾಯಿ ದುಂಡಗಿದ್ರ ಬುಡಾನೂ ದುಂಡಗೇ ಕಾಣ್ತದಲ್ರಿ, ಅದೂ ಜರಾ ಬಾಗಬೇಕು" ಎಂದರು. ತಹಶೀಲ್ದಾರರು ಒಪ್ಪಲಿಲ್ಲ.

"ಬುಡ ಸಪಾಟ ಇರಲಿಲ್ಲಂದ್ರ ಚರಗಿ ನಿಂದ್ರತದೇನ್ರಿ ಮಾಸ್ತರ?"

"ನಿಂದ್ರೋದು ನಿಮಗ ಗೊತ್ತದ ಸಾಹೇಬ್ರ. ಕಾಣೋದಿಲ್ಲ. ಗೊತ್ತಿರೋದು ತೆಗೀಬ್ಯಾಡ್ರಿ, ಕಾಣೋದು ತೆಗೀರಿ."

ಈ ಒಂದು ಮಾತನ್ನು ಮಾಸ್ತರು ಅವತ್ತಿನಿಂದ ಇವತ್ತಿನವರೆಗೆ ಹೇಳುತ್ತಲೇ ಇದ್ದಾರೆ, ನಾವು ಗೊತ್ತಿರುವುದನ್ನೇ ತೆಗೆಯುತ್ತಲೇ ಇದ್ದೇವೆ. ಇಷ್ಟು ವರ್ಷ ಬದುಕಿ ಸಂಪಾದಿಸಿದ ತಿಳಿವಳಿಕೆ ಒಂದು ಚರಗಿಗಾಗಿ ಬಿಟ್ಟುಕೊಡಬೇಕೆಂದರೆ ಯಾರಿಗೆ ತಾನೆ ಮನಸ್ಸು ಬಂದೀತು? ಪಪ್ಪಾಯಿ ಬೇರೆ ಕೈಕೊಟ್ಟಿತು. ಒಂದು ವಾರ ಹಸಿರಿದ್ದದ್ದು ಮುಂದಿನ ವಾರಕ್ಕೆ ಹಳದಿಗೆ ತಿರುಗಿತ್ತು. ಅರ್ಧ ಹಸಿರು ಬಳಿದಿದ್ದ ನಾವೆಲ್ಲ ಗಾಬರಿಯಾಗಿ ಮಾಸ್ತರ ಮುಖ ನೋಡಿದರೆ, ಸಾಹೇಬರು ಹಸಿರನ್ನೇ ಮುಂದುವರಿಸಿದರು. ಒಮ್ಮೆ ನಮೂದಾದದ್ದನ್ನು ಮೇಲಿನವರ ಆದೇಶವಿಲ್ಲದೆ ತಿದ್ದುವುದು ಅವರ ಸರ್ವಿಸಿನಲ್ಲೇ ಇಲ್ಲವಂತೆ. ಅದರ ಮುಂದಿನ ವಾರ ಪಪ್ಪಾಯಿ ಇರಲಿಲ್ಲ, ಬದನೆಕಾಯಿಗಳೂ ಇರಲಿಲ್ಲ. ಕೆಳಗಿನ ಮನೆಯಿಂದ ಎಣ್ಣೆಗಾಯಿಯ ವಾಸನೆ ಘಮಘಮ ಬರುತ್ತಿತ್ತು. ನಾವು ಚರಗಿಯನ್ನು ಬಲು ಶ್ರದ್ಧೆಯಿಂದ ತೆಗೆದೆವು.

ಜಲವರ್ಣದ ಪಾಠಕ್ಕೆ ಮಾಸ್ತರು ಮೇ ತಿಂಗಳನ್ನು ಯಾಕೆ ಆರಿಸಿಕೊಂಡರೋ ಶರಣಬಸಪ್ಪನೇ ಬಲ್ಲ. ಆಕಾಶಕ್ಕೆ ಬಣ್ಣ ಹಾಯಿಸುವ ರೀತಿ ಹೀಗೆ: ಹಲಗೆಯನ್ನು ಸ್ವಲ್ಪ ವಾಲಿಸಿ, ದಪ್ಪ ಬ್ರಶ್ಶಿನಲ್ಲಿ ನೀಲಿ ನೀರು ತುಂಬಿಕೊಂಡು ಮೇಲಿನ ಅಂಚಿಗೆ ಒಂದು ಪಟ್ಟಿ ಎಳೆಯಬೇಕು. ಪಟ್ಟಿಯ ಕೆಳಗಡೆ ನೀರು ಮಣಿಗಟ್ಟಿ ನಿಲ್ಲುತ್ತದೆ. ಅದು ಆರುವುದರೊಳಗೆ ಅದಕ್ಕೆ ತಾಗಿಸಿ ಮುಂದಿನ ಪಟ್ಟಿ, ಅದಕ್ಕೆ ತಾಗಿಸಿ ಇನ್ನೊಂದು. ತಂಪಿನ ಊರುಗಳಲ್ಲಿ ಇದನ್ನು ಚಹಾ ಕುಡಿಯುತ್ತ ಮಾಡಬಹುದೇನೋ. ಕಲಬುರಗಿಯ ತಗಡಿನ ಕೆಳಗೆ, ಹೊರಗೆ 43 ಡಿಗ್ರಿ ಇರುವಾಗ, ಬ್ರಶ್ಶು ಬಲ ಅಂಚು ಮುಟ್ಟುವ ಹೊತ್ತಿಗೆ ಎಡ ಅಂಚು ಖಡಕ್ ಆಗಿರುತ್ತದೆ. ನನ್ನ ಆಕಾಶ ಪಟ್ಟಿಪಟ್ಟಿಯಾಗಿ ನಿಂತಿತು. ನಮ್ಮ ಕ್ಲಾಸಿನ ಟೇಲರ್ ಮಾಮು ಬಗ್ಗಿ ನೋಡಿ, ಎರಡು ಬೆರಳಿನಲ್ಲಿ ಹಾಳೆಯ ಅಂಚು ಹಿಡಿದು ಬಟ್ಟೆ ನೋಡಿದಂತೆ ತಿಕ್ಕಿ, "ಲೈನಿಂಗ್ ಛಲೋ ಬಂದದ ಅಕ್ಕಾ, ಪಾಯಜಾಮಾಕ್ಕ ಆಗ್ತದ" ಎಂದರು.

ಕೂಲರ್ ಹಚ್ಚಿದೆವು. ಗಾಳಿಗೆ ಹಾಳೆ ಇನ್ನೂ ಬೇಗ ಒಣಗಿತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು, ಆದರೆ ಕೂಲರಿಗೆ ಆಗಾಗ ಹನಿ ಉಗುಳುವ ಚಟ. ಅರೆ ಒಣಗಿದ ಬಣ್ಣದ ಮೇಲೆ ನೀರಿನ ಹನಿ ಬಿದ್ದರೆ ಬಣ್ಣ ಸುತ್ತ ಸರಿದು, ನಡುವೆ ಮಾಸಿದ ಒಂದು ಕಲೆ ಅರಳಿಕೊಳ್ಳುತ್ತದೆ. ಅದನ್ನು ಆಮೇಲೆ ಯಾವ ದೇವರೂ ತೆಗೆಯಲಾರ. ನಮ್ಮ ಜೊತೆ ಕಲಿಯುವ ನಿವೃತ್ತ ಗಣಿತ ಶಿಕ್ಷಕಿ, ಅಕ್ಕೋರ ನಿರ್ಮಲ ಆಕಾಶದಲ್ಲಿ ನಡುಮಧ್ಯಾಹ್ನ ಚಿಕ್ಕೆ ಮೂಡಿದವು. ಕೂಲರ್ ಆರಿಸಿದೆವು. ಬೆವರು ಬೀಳತೊಡಗಿತು. ಒದ್ದೆ ಬಣ್ಣಕ್ಕೆ ಉಪ್ಪಿನ ಕಾಳು ಉದುರಿಸಿದರೆ ಚಂದದ ಚುಕ್ಕಿಗಳಾಗುತ್ತವೆಂದು ಮಾಸ್ತರು ಉಪ್ಪಿನ ಡಬ್ಬಿ ಹಿಡಕೊಂಡು ಬಂದರೆ ಸಾಹೇಬರು ಕೈ ಅಡ್ಡ ಮಾಡಿದರು: "ನನಗ ಬ್ಯಾರೆ ಉಪ್ಪು ಬ್ಯಾಡ್ರಿ. ಹಣಿಮ್ಯಾಲಿಂದೇ ಬರಲತ್ತದ."

ಕೊನೆಗೆ ಮಾಸ್ತರು ಹಾಳೆಯ ಹಿಂದು ಮುಂದು ಎರಡೂ ಬದಿಯನ್ನು ಚೆನ್ನಾಗಿ ತೋಯಿಸಿ ಹಲಗೆಗೆ ಅಂಟಿಸುವುದನ್ನು ತೋರಿಸಿದರು. ಆಗ ಸ್ವಲ್ಪ ಹೊತ್ತು ಪುರುಸೊತ್ತು ಸಿಗುತ್ತದೆ. ಮೊದಲೇ ಹೇಳಬಹುದಿತ್ತು.

ಆಕಾಶವಾದ ಮೇಲೆ ನೆಲ. ನಮ್ಮ ಕಡೆಯ ನೆಲವೆಂದರೆ ಎರೆಭೂಮಿ, ತೊಗರಿ ಹೊಲ. ಅಕ್ಕೋರು ಸೀದಾ ಕಪ್ಪು ಟ್ಯೂಬು ಹಿಂಡಿದರು. ಮಾಸ್ತರು ಹೌಹಾರಿ, ಕಪ್ಪು ಹಚ್ಚಿದರೆ ನೆಲ ಸತ್ತುಹೋಗುತ್ತದೆ, ಗಾಢ ನೀಲಿಗೆ ಗಾಢ ಕಂದು ಬೆರೆಸಿದರೆ ಜೀವ ಇರುವ ಕಪ್ಪು ಬರುತ್ತದೆ ಎಂದರು. ಹಾಗೆಯೇ ಬಂತು ಕೂಡ. ಅಲ್ಲಲ್ಲಿ ನೀಲಿ ಮಿನುಗುವ, ಮಳೆಯಾದ ಮರುದಿನದ ಹೊಲದ ಬಣ್ಣ. ನನಗೆ ಕ್ಲಾಸಿನ ದುಡ್ಡು ಅಂದೇ ಹುಟ್ಟಿದಂತಾಯಿತು. ಸಾಹೇಬರು ಮಾತ್ರ, "ಪಹಣಿಯಾಗ ಕರಿಭೂಮಿ ಅಂತನೇ ಇರತದ, ನೀಲಿ ಅಂತ ಎಲ್ಲಿ ನೋಡೀರಿ?" ಎಂದು ಗೊಣಗುತ್ತ ಬಳಿದರು. ಮುಗಿದ ಮೇಲೆ ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಬರೆಯುತ್ತಿದ್ದರು. ಹೆಸರು ಹಾಕುತ್ತಿರಬೇಕು ಅಂದುಕೊಂಡು ಇಣುಕಿದೆ. ಚಕ್ಕುಬಂದಿ! ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಬೇವಿನಮರ, ದಕ್ಷಿಣಕ್ಕೆ ಹಾಳೆಯ ಅಂಚು.

ಮುಖ ತೆಗೆಯುವ ಪಾಠದಲ್ಲಿ ಒಬ್ಬರನ್ನೊಬ್ಬರು ಎದುರಿಗೆ ಕೂರಿಸಿಕೊಂಡೆವು. ನೆತ್ತಿಯಿಂದ ಗದ್ದದವರೆಗೆ ಅಳೆದರೆ ಕಣ್ಣು ಹೆಚ್ಚುಕಡಿಮೆ ನಟ್ಟನಡುವೆ ಬರುತ್ತದೆ. ಎಲ್ಲರೂ ಅದನ್ನು ಹಣೆಗೇರಿಸುತ್ತೇವೆ. ಸಾಹೇಬರು ನಂಬದೆ ಕನ್ನಡಿಯ ಮುಂದೆ ಫೂಟ್‌ಪಟ್ಟಿ ಹಿಡಿದು ತಮ್ಮದನ್ನೇ ಅಳೆದು, "ಅಂದ್ರ ನನ್ನ ಕೂದಲ ಉದರಿಲ್ಲ, ಹಣೀನೇ ಕಾನೂನು ಪ್ರಕಾರ ಇಷ್ಟದ" ಎಂದು ಬಹಳ ಸಮಾಧಾನಪಟ್ಟರು. ಟೇಲರ್ ಮಾಮುಗೆ ಈ ರಗಳೆಯೇ ಇಲ್ಲ. ಕೊರಳಲ್ಲಿ ನೇತಾಡುವ ಟೇಪು ತೆಗೆದು ಸಾಹೇಬರ ಮುಖದ ಅಳತೆ ತಗೊಂಡರು, ಹಾಳೆಯನ್ನು ಉದ್ದಕ್ಕೆ ಮಡಚಿದರು, ಕೋಟಿನ ಮುಂಭಾಗ ಕತ್ತರಿಸುವ ಹಾಗೆ ಅರ್ಧ ಮುಖ ಬರೆದು ಇನ್ನರ್ಧಕ್ಕೆ ಗೆರೆ ಒತ್ತಿ ಇಳಿಸಿಕೊಂಡರು. ಹಾಳೆ ಬಿಚ್ಚಿದರೆ ಸಾಹೇಬರು ಒಂದು ಕೂದಲಿನಷ್ಟೂ ಆಚೀಚೆ ಇಲ್ಲದೆ ಕೂತಿದ್ದರು. ನಾವೆಲ್ಲ ವಾಹ್ ಎಂದೆವು. ಮಾಮು ಮಾತ್ರ ಒಮ್ಮೆ ಚಿತ್ರ, ಒಮ್ಮೆ ಸಾಹೇಬರ ಮುಖ ನೋಡಿ, ಕಿವಿಯ ಹಿಂದಿನ ಚಾಕು ತೆಗೆದರು. ಚಾಕು ಅಂದರೆ ಗುರುತು ಹಾಕುವ ಸೀಮೆಸುಣ್ಣ, ಸಾಹೇಬರಿಗೂ ಒಂದು ಕ್ಷಣ ಎದೆ ಧಸಕ್ಕೆಂದಿತು. "ಸಾಹೇಬ್ರ ಎಡ ಕಿವಿ ಕಾಲು ಇಂಚ ಕೆಳಗದ. ಬಲ ಹುಬ್ಬು ಜರಾ ಮ್ಯಾಲ. ಆಲ್ಟರ್ ಮಾಡ್ಬೇಕ್ರಿ." ಮಾಸ್ತರು ಇಷ್ಟು ದಿನ ಬಾಯಿ ಬಡಕೊಂಡದ್ದು ಆ ಒಬ್ಬ ಮನುಷ್ಯನಿಗೆ ತಲುಪಿತ್ತು, ಅದೂ ಕ್ಲಾಸಿಗೆ ಬರುವ ಮೊದಲೇ, ತನ್ನ ಅಂಗಡಿಯಲ್ಲೇ.

ಮನೆಯಲ್ಲಿ ನನ್ನ ಕಷ್ಟ ಬೇರೆ. ಅತ್ತೆಯವರ ದೃಷ್ಟಿಯಲ್ಲಿ ಚಿತ್ರವೆಂದರೆ ಕ್ಯಾಲೆಂಡರಿನ ದೇವರು, ಚಿತ್ರಗಾರರೆಂದರೆ ಎಸ್.ಎಂ. ಪಂಡಿತರು. 1916ರಲ್ಲಿ ಈ ಊರಲ್ಲೇ ಹುಟ್ಟಿ, ಮುಂಬೈಗೆ ಹೋಗಿ, ಸಿನಿಮಾ ಪೋಸ್ಟರು, ಪುರಾಣದ ಚಿತ್ರ, ಕ್ಯಾಲೆಂಡರು ಎಂದು ದೇಶಕ್ಕೆಲ್ಲ ಹೆಸರಾದವರು. ಅವರ ಹೆಸರಿನ ರಂಗಮಂದಿರದ ಮುಂದೆಯೇ ನಾನು ದಿನಾ ಆಟೋ ಹಿಡಿಯುತ್ತೇನೆ. ಅಂಥವರ ಊರಿನ ಸೊಸೆ ವರಮಹಾಲಕ್ಷ್ಮಿಗೊಂದು ಲಕ್ಷ್ಮಿ ಬರೆಯಲಾರಳೇ? ಬರೆದೆ. ಕೈ ತೆಗೆಯುವಷ್ಟು ಕಷ್ಟದ್ದು ಚಿತ್ರಕಲೆಯಲ್ಲಿ ಇನ್ನೊಂದಿಲ್ಲ, ಲಕ್ಷ್ಮಿಗೆ ನಾಲ್ಕು. ಎರಡನ್ನು ಕಮಲದ ಹಿಂದೆ, ಒಂದನ್ನು ಸೆರಗಿನೊಳಗೆ, ಇನ್ನೊಂದನ್ನು ಕೊಡದ ಮರೆಗೆ ಸೇರಿಸಿ ಪಾರಾದೆ. ಅತ್ತೆ ತೋಳುದ್ದ ದೂರ ಹಿಡಿದು ನೋಡಿದರು.

"ನಾಣ್ಯಾ ಬರೋಬರ್ ಬಂದಾವ, ಬ್ಯಾಂಕಿನಾಕಿ ಅಲಾ. ಕೈ ಎಲ್ಲಿ ಹೋಗ್ಯಾವವ್ವಾ ಆಕಿದು? ಕೊಡೋರಿಗೇ ಕೈ ಇಲ್ಲಂದ್ರ ಹ್ಯಾಂಗ?"

ಆದರೆ ಬಣ್ಣದ ವಿಷಯಕ್ಕೆ ಬಂದರೆ ಅತ್ತೆಯ ಕಣ್ಣು ಮಾಸ್ತರಿಗಿಂತ ಚುರುಕು. ಮಾಸ್ತರು 'ತಿಳಿಗೆಂಪು' ಎಂದು ಬಿಡುವಲ್ಲಿ ಅವರು ಈರುಳ್ಳಿ ಸಿಪ್ಪೆ ಬಣ್ಣವನ್ನೂ ದಾಳಿಂಬರ ಹೂವಿನ ಬಣ್ಣವನ್ನೂ ಬೇರೆ ಮಾಡುತ್ತಾರೆ. ಜನ್ಮವಿಡೀ ಸೀರೆ ಅಂಗಡಿಯವನನ್ನು ಗೋಳುಹೊಯ್ದುಕೊಂಡ ಅನುಭವ.

ಕೋಟೆಗೂ ಹೋದೆವು. ಅಲ್ಲಿಯ ಜಾಮಿ ಮಸೀದಿ 1367ರದು. ಅಂಗಳವೇ ಇಲ್ಲದಂತೆ ಇಡೀ ಕಟ್ಟಡಕ್ಕೆ ಮೇಲ್ಛಾವಣಿ, ಒಳಗೆ ಕಮಾನಿನ ಹಿಂದೆ ಕಮಾನು. ದೂರ ಹೋದಂತೆ ಗೆರೆಗಳು ಹೇಗೆ ಒಂದು ಬಿಂದುವಿಗೆ ಕೂಡುತ್ತವೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ, ಬಿಸಿಲಿಗೆ ಇದಕ್ಕಿಂತ ಒಳ್ಳೆಯ ನೆರಳು ಎರಡೂ ಸಿಗುವುದಿಲ್ಲ. ಗಣಿತದ ಅಕ್ಕೋರು ಅಲ್ಲಿ ತಕರಾರು ತೆಗೆದರು. ಸಮಾಂತರ ರೇಖೆಗಳು ಎಷ್ಟು ದೂರ ಹೋದರೂ ಕೂಡುವುದಿಲ್ಲವೆಂದು ಇಡೀ ಸರ್ವಿಸು ಹೇಳಿದವರು. ಪಿಂಚಣಿ ತಗೊಳ್ಳುತ್ತ ಕೂಡಿಸುವುದೆಂದರೆ ಏನು? ಮಾಸ್ತರು ಕೈಮುಗಿದ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂಡಿಸಿದರು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ: "ನಮಸ್ಕಾರ್ರಿ ಅಕ್ಕೋರ, ಗುರ್ತ ಸಿಕ್ತೇನ್ರಿ?" ಸವಾರಿ ಬಿಟ್ಟು ಒಳಗೆ ಬಂದಿದ್ದ ಆಟೋದವನು, ಅವರ ಹಳೇ ವಿದ್ಯಾರ್ಥಿ. ಹಾಳೆಯನ್ನು ಬಗ್ಗಿ ಬಗ್ಗಿ ನೋಡಿದ. "ಎಂಟನೇತ್ತಾದಾಗ ನಾ ಹಿಂಗೇ ಕೂಡಿಸಿದ್ದಕ್ಕ ಹೊಡದಿದ್ರಿ, ನೆನಪದಾ?"

ಅಕ್ಕೋರು ಅವನಿಗೆ ಚಹಾ ಕುಡಿಸಿದರು. ಬೇರೆ ದಾರಿ ಇರಲಿಲ್ಲ.

ಇನ್ನು ಅಚ್ಚು ತೆಗೆಯುವ ಕೆಲಸ. ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೊರೆದು, ಮಸಿ ಸವರಿ, ಕಾಗದ ಒತ್ತಿದರೆ ಚಿತ್ರ ಮೂಡುತ್ತದೆ, ಎಡಬಲ ಅದಲುಬದಲಾಗಿ. ಯುಗಾದಿಗೆ ಕಾರ್ಡು ಮಾಡುವುದೆಂದಾಯಿತು. "ಅಕ್ಷರ ಉಲ್ಟಾ ಕೊರೀರಿ" ಎಂದು ಮಾಸ್ತರು ಹೇಳುವ ಮೊದಲೇ ತಹಶೀಲ್ದಾರ್ ಸಾಹೇಬರು ಎದ್ದು ನಿಂತು ನಮಗೆಲ್ಲ ಪಾಠ ಮಾಡಿದರು. ಜೀವಮಾನವಿಡೀ ಕಚೇರಿ ಶಿಕ್ಕಾ ಹೊಡೆದವರು, ಶಿಕ್ಕಾದ ಅಕ್ಷರ ಉಲ್ಟಾ ಇರುತ್ತದೆಂದು ಅವರಿಗೆ ಯಾರು ಹೇಳಬೇಕು? ಒಂದು ಮಾವಿನೆಲೆ, ಅದರ ಕೆಳಗೆ ಯು, ಗಾ, ದಿ. ಒಂದೊಂದು ಅಕ್ಷರವನ್ನೂ ಕನ್ನಡಿ ಹಿಡಿದು ನೋಡಿ ನೋಡಿ ಉಲ್ಟಾ ಕೊರೆದರು. ಕೊರೆದದ್ದು ಮಾತ್ರ ಎಡದಿಂದ ಬಲಕ್ಕೆ, ಬರೆಯುವ ಕ್ರಮದಲ್ಲೇ. ಒತ್ತಿ ತೆಗೆದ ಕಾಗದದ ಮೇಲೆ ಪ್ರತಿ ಅಕ್ಷರವೂ ಸ್ಪಷ್ಟವಾಗಿ, ಸುಂದರವಾಗಿ, ಸೀದಾ ಬಂದಿತ್ತು: ದಿಗಾಯು.

ನಾವು ಯಾರೂ ಉಸಿರೆತ್ತಲಿಲ್ಲ. ಸಾಹೇಬರು ಆ ಸಂಭ್ರಮದಲ್ಲಿ ಎಲೆಯನ್ನು ನೋಡಿದರೇ ಹೊರತು ಓದಲಿಲ್ಲ, ಇದ್ದಬದ್ದ ಕಾಗದಕ್ಕೆಲ್ಲ ಅಚ್ಚೊತ್ತಿ ಬಂಧುಬಳಗಕ್ಕೆ, ಹಳೇ ಸಹೋದ್ಯೋಗಿಗಳಿಗೆ ಅಂಚೆಯಲ್ಲಿ ಕಳಿಸಿಬಿಟ್ಟರು. ಹಬ್ಬದ ದಿನ ಫೋನಿನ ಮೇಲೆ ಫೋನು. ದೊಡ್ಡವರ ಬಾಯಿಂದ ದೀರ್ಘಾಯು ಅಂತ ಹರಕೆ ಸಿಕ್ಕಿತು, ಕಾಗುಣಿತ ತುಸು ಹೆಚ್ಚುಕಡಿಮೆಯಾದರೂ ಹರಕೆ ಹರಕೆಯೇ ಎಂದು ಎಲ್ಲರೂ ಸಂತೋಷಪಟ್ಟರು. ಒಬ್ಬರಂತೂ ಮೊಮ್ಮಗನ ತೊಟ್ಟಿಲು ಕಾರ್ಯಕ್ರಮಕ್ಕೆ ಇಂಥವೇ ಒಂದು ಕಟ್ಟು ಮಾಡಿಕೊಡಿ ಎಂದು ಬೇಡಿಕೆ ಇಟ್ಟರು, ಈ ಸಲ ಅಕ್ಷರ ಸರಿಯಾಗಿರಲಿ ಎಂಬ ಸೂಚನೆಯೊಂದಿಗೆ.

ನಿನ್ನೆ ಬ್ಯಾಂಕಿನಲ್ಲಿ ಕ್ಯಾಶ್ ಎಣಿಸುತ್ತಿರುವಾಗ ಸಾಹೇಬರ ಫೋನು ಬಂತು. ಲಿನೋ ಮುಂದಿಟ್ಟುಕೊಂಡು, ಉಳಿ ಕೈಯಲ್ಲಿ ಹಿಡಿದು ಕೂತಿದ್ದಾರೆ. ಸಾಲಾಗಿ ನಿಂತ ಮಂದಿ ನನ್ನನ್ನೇ ನೋಡುತ್ತಿದ್ದರು.

"ಮೇಡಂ, ಅರ್ಜೆಂಟ್ ಅದ. ಅರ್ಕಾವೊತ್ತು ಎಡಕ್ಕ ಕೊರೀಲೋ ಬಲಕ್ಕ ಕೊರೀಲೋ?"