ಮೈಕಿನಲ್ಲಿ ಅಪ್ಪನ ಹೆಸರು

ನಮ್ಮ ಶಿಕಾರಿಪುರದ ಕಡೆ ದೀಪಾವಳಿ ಮುಗೀತು ಅಂದ್ರೆ ಹೋರಿ ಹಬ್ಬ. ಕೊರಳ ತುಂಬ ಕೊಬ್ಬರಿ ಹಾರ, ಕೋಡಿಗೆ ಬಲೂನು, ಬೆನ್ನ ಮೇಲೆ ಜೂಲ ಹೊತ್ತ ಹೋರಿ ಅಖಾಡದಲ್ಲಿ ನುಗ್ಗಿ ಬರುತ್ತೆ, ಹುಡುಗರು ಮೇಲೆ ಬಿದ್ದು ಕೊಬ್ಬರಿ ಕೀಳಬೇಕು. ಚಿಕ್ಕಂದಿನಿಂದ ನೋಡಿದ್ದೀನಿ, ಇಷ್ಟಾನೇ. ಹಬ್ಬ ನಿಲ್ಲಿಸಿ ಅಂತ ಬರೀತಿಲ್ಲ, ಕಾಮೆಂಟಲ್ಲಿ ಬಯ್ಯೋಕೆ ಮುಂಚೆ ಪೂರ್ತಿ ಓದಿ.

ಹೋದ ವರ್ಷ ನಮ್ಮೂರ ಅಖಾಡಕ್ಕೆ ಹತ್ತೊಂಬತ್ತರ ಹುಡುಗನೊಬ್ಬ ಬಂದಿದ್ದ. ಅವನಪ್ಪ ಅಲ್ಲೇ ಹೋರಿ ತಿವಿದು ತೀರಿಹೋಗಿ ನಾಲ್ಕು ವರ್ಷ. ಹುಡುಗ ಬೇಲಿ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಂಗೈಗೆ ಮಣ್ಣು ತಿಕ್ಕಿಕೊಂಡ. ಕೊಡವಿದ. ಮತ್ತೆ ತಿಕ್ಕಿಕೊಂಡ. ಇಳಿಯೋದೋ ಬೇಡವೋ ಅಂತ ಮನಸ್ಸು ಹೊಯ್ದಾಡ್ತಿತ್ತು ಅನ್ಸುತ್ತೆ. ಅಷ್ಟರಲ್ಲಿ ಮೈಕಿನವ ಅವನಪ್ಪನ ಹೆಸರು ಕೂಗಿ, ‘ಹುಲಿ ಹೊಟ್ಯಾಗ ಹುಲಿನೇ ಹುಟ್ಟೈತಿ ನೋಡ್ರಪಾ!’ ಅಂದ. ಸಿಳ್ಳೆಯೋ ಸಿಳ್ಳೆ. ಹೊಡೆದವರಲ್ಲಿ ನಾನೂ ಒಬ್ಬ. ಇನ್ನು ಅವನು ಬೇಲಿ ದಾಟಿ ಮನೆಗೆ ಹೋಗೋದಾದ್ರೂ ಹೇಗೆ?

ಬೈಕ್ ರೇಸಿನ ಹುಚ್ಚಿರೋ ನನಗೆ ಅವತ್ತು ರಾತ್ರಿ ಉತ್ತರ ಐರ್ಲೆಂಡಿನ ಡನ್ಲಪ್ ಮನೆಯವರು ನೆನಪಾದರು. ಊರ ರಸ್ತೆಗಳಲ್ಲೇ ನಡೆಯೋ ರೇಸು ಅವರದು. ಆ ಮನೆಯ ಮೈಕಲ್‌ನ ದೊಡ್ಡಪ್ಪ ಜೋಯಿ 2000ದಲ್ಲಿ ಎಸ್ಟೋನಿಯಾದಲ್ಲಿ ಸತ್ತರು. 2008ರ ಮೇನಲ್ಲಿ, ಗುರುವಾರ, ಅಪ್ಪ ರಾಬರ್ಟ್ ಪ್ರಾಕ್ಟೀಸಿನಲ್ಲಿ ಬಿದ್ದು ಸತ್ತರು. ಶನಿವಾರ ಅದೇ ರಸ್ತೆಯಲ್ಲಿ ಮಗ ಮೈಕಲ್ ರೇಸಿಗೆ ನಿಂತ, ಆಯೋಜಕರು ಬೇಡ ಅಂದ್ರೂ ಕೇಳಲಿಲ್ಲ, ಗೆದ್ದ. 2018ರಲ್ಲಿ ಅಣ್ಣ ವಿಲಿಯಂ ಕೂಡ ರೇಸಿನ ಪ್ರಾಕ್ಟೀಸಿನಲ್ಲೇ ಹೋದ. ಮೈಕಲ್ ನಿಲ್ಲಿಸಲಿಲ್ಲ. 2024ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ರೇಸಿನಲ್ಲಿ ದೊಡ್ಡಪ್ಪನ 26 ಗೆಲುವುಗಳ ದಾಖಲೆ ಮುರಿದ.

ಅಪ್ಪಂದಿರ ಕಥೆ ಇದು. ಪರ್ವತಾರೋಹಿ ಅಲಿಸನ್ ಹಾರ್ಗ್ರೀವ್ಸ್ 1995ರಲ್ಲಿ ಕೆ2 ಇಳಿಯುವಾಗ ಸತ್ತಾಗ, ಎರಡು ಮಕ್ಕಳ ತಾಯಿಗೆ ಇದೆಲ್ಲ ಯಾಕೆ ಬೇಕಿತ್ತು ಅಂದವರು ಬಹಳ. ಆಗ ಆರು ವರ್ಷದವನಾಗಿದ್ದ ಮಗ ಟಾಮ್ 2019ರಲ್ಲಿ ನಂಗಾ ಪರ್ಬತದಲ್ಲಿ ತೀರಿಕೊಂಡ.

ಇಂಥದ್ದಕ್ಕೆಲ್ಲ ನಾವು ‘ರಕ್ತದಲ್ಲೇ ಬಂದಿದೆ’ ಅಂದುಬಿಡ್ತೀವಿ. ನಮ್ಮೂರ ಹುಡುಗನ ಮಟ್ಟಿಗಂತೂ ನಾನು ಒಪ್ಪಲ್ಲ. ಅಮ್ಮ ಅಳ್ತಾಳೆ ಅಂತ ಆ ಮನೇಲಿ ಅಪ್ಪನ ಮಾತೇ ಎತ್ತಲ್ಲ. ಅಪ್ಪ ಹಿಂಗೆ ಹಾರ್ತಿದ್ದ, ಹಂಗೆ ಬೀಳ್ತಿದ್ದ ಅಂತ ಜನ ನಗ್‌ನಗ್ತಾ ಹೇಳೋದು ಅಖಾಡದಲ್ಲಿ ಮಾತ್ರ. ಹುಡುಗ ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋದಾನು?

ಹಬ್ಬ ಆದ ಮಾರನೇ ದಿನ ಅವರ ಮನೆಗೆ ಹೋಗಿದ್ದೆ. ಅವನು ಒಂದು ಕೊಬ್ಬರಿ ಕಿತ್ತಿದ್ದ, ಹಗ್ಗ ಎಳೆದು ಅಂಗೈ ಸೀಳಿತ್ತು. ತಾಯಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲೀತಾ, ತಲೆ ಎತ್ತದೆ ಹೇಳಿದರು: ‘ಹೋಗಬ್ಯಾಡ ಅನ್ನಾಕ ನಾನ್ಯಾರಣ್ಣ? ಊರಿಗೂರೇ ಕರೀತೈತಿ.’

ಈ ಸಲ ಕಮಿಟಿಯವರು ಚಂದಾಕ್ಕೆ ಬಂದಾಗ, ಮೈಕಲ್ಲಿ ಯಾರ ಅಪ್ಪನ ಹೆಸರೂ ಕೂಗಲ್ಲ ಅಂದ್ರೆ ಕೊಡ್ತೀನಿ ಅಂದೆ. ನಕ್ಕರು. ‘ಹೆಸರು ಕೂಗದಿದ್ರ ಜನ ಎಲ್ಲಿ ಸೇರ್ತಾರಣ್ಣ’ ಅಂದು ರಸೀದಿ ಪುಸ್ತಕ ಮಡಚಿ ಪಕ್ಕದ ಮನೆಗೆ ಹೋದರು.