ತೋಳದ ಗುಡಿಗೆ ಹೊರಟವರಿಗೆ ಕೆಲವು ಎಚ್ಚರಿಕೆಗಳು

ಜಪಾನಿನ ಸೈತಾಮಾ ಪ್ರಾಂತ್ಯದ ಚಿಚಿಬು ಬೆಟ್ಟಸಾಲಿನಲ್ಲಿ, ಸುಮಾರು 1,100 ಮೀಟರ್ ಎತ್ತರದಲ್ಲಿ, ಮಿತ್ಸುಮಿನೆ ಎಂಬ ಶಿಂಟೊ (ಜಪಾನಿನ ಮೂಲ ಧರ್ಮ) ಗುಡಿಯಿದೆ. ಪೂಜೆ ಜಪಾನಿನ ಸೃಷ್ಟಿದೇವತೆಗಳಾದ ಇಜಾನಾಗಿ-ಇಜಾನಾಮಿ ದಂಪತಿಗೆ. ದರ್ಬಾರು ಮಾತ್ರ ಅವರ ದೂತನಾದ ತೋಳದ್ದು. ಬಾಗಿಲು ಕಾಯುವವೂ ಕಲ್ಲಿನ ತೋಳಗಳೇ. ಹೊಲ ಹಾಳುಮಾಡುವ ಹಂದಿ, ಜಿಂಕೆಗಳನ್ನು ತೋಳ ತಿನ್ನುತ್ತಿತ್ತು. ರೈತರು ಕೈಮುಗಿಯಲು ಇಷ್ಟು ಸಾಲದೇ?

ಸೇಯಿಬು-ಚಿಚಿಬು ನಿಲ್ದಾಣದಿಂದ ಬಸ್ಸಿನಲ್ಲಿ ಸುಮಾರು ಒಂದೂಕಾಲು ಗಂಟೆ. ದಿನಕ್ಕೆ ಕೆಲವೇ ಬಸ್ಸು. ಹತ್ತುವ ಬಸ್ಸಿನ ಸಮಯ ಎಲ್ಲರಿಗೂ ಬಾಯಿಪಾಠ, ಇಳಿಯುವ ಕೊನೆಯ ಬಸ್ಸಿನದು ಯಾರಿಗೂ ಗೊತ್ತಿರುವುದಿಲ್ಲ.

ನಮ್ಮವರು ಎಡವುವುದು ನೀರಿನ ತೊಟ್ಟಿಯ ಬಳಿ. ಅದನ್ನು ತೀರ್ಥವೆಂದು ಮೂರು ಸಲ ಗುಟುಕರಿಸಿ ತಲೆಗೆ ಸವರಿಕೊಳ್ಳಬೇಡಿ. ಅದು ಕೈಬಾಯಿ ತೊಳೆಯಲು. ಬಲಗೈಯಲ್ಲಿ ಸೌಟು ಹಿಡಿದು ಎಡಗೈ ತೊಳೆಯಿರಿ, ಕೈ ಬದಲಿಸಿ ಬಲಗೈ, ಮತ್ತೆ ಬದಲಿಸಿ ಎಡಗೈಗೆ ನೀರು ಬಗ್ಗಿಸಿಕೊಂಡು ಬಾಯಿ ಮುಕ್ಕಳಿಸಿ, ತೊಟ್ಟಿಯ ಹೊರಗೆ ಉಗುಳಿ. ಸೌಟಿಗೇ ಬಾಯಿ ಹಚ್ಚಿದರೆ ಸುತ್ತಲಿದ್ದವರು ಏನೂ ಅನ್ನುವುದಿಲ್ಲ, ನೋಡುತ್ತಾರೆ ಅಷ್ಟೆ. ಎಡಗೈ ಇನ್ನೊಮ್ಮೆ ತೊಳೆದು, ಸೌಟು ನೆಟ್ಟಗೆತ್ತಿ, ಉಳಿದ ನೀರು ಹಿಡಿಯ ಮೇಲೆ ಹರಿಯಲಿ. ಇಷ್ಟೂ ಒಂದೇ ಸೌಟಿನಲ್ಲಿ! ಮೊದಲ ಕೈಗೇ ಧಾರಾಳಿಯಾದರೆ ಬಾಯಿಗೆ ಬರ. ಕೊನೆಯ ಎತ್ತುವಿಕೆಯಲ್ಲಿ ಮೊಣಕೈ ಕೆಳಗಿದ್ದರೆ ನೀರು ಅಂಗಿಯ ತೋಳಿನೊಳಗಿಂದ ಮೊಣಕೈವರೆಗೆ. ಚಳಿಗಾಲದಲ್ಲಿ ಇದೊಂದು ವ್ರತ.

ನಾಣ್ಯ ಹಾಕಿ ಎರಡು ಸಲ ಬಾಗಿ, ಎರಡು ಚಪ್ಪಾಳೆ, ಕೊನೆಗೊಂದು ಬಾಗು. ಪ್ರದಕ್ಷಿಣೆ, ಕಾಯಿ ಒಡೆಯುವುದು ಇಲ್ಲ. ಚಪ್ಪಲಿ ಬಿಡಲು ಜಾಗ ಹುಡುಕಬೇಡಿ, ಅಂಗಳದಲ್ಲಿ ಹಾಕಿಕೊಂಡೇ ಓಡಾಡಬಹುದು.

ಗುಡಿಯ ಮೆಟ್ಟಿಲ ಬಳಿ ಜನ ನೆಲಹಾಸುಗಲ್ಲಿಗೆ ನೀರು ಎರಚುತ್ತಿದ್ದರೆ ಗಾಬರಿಯಾಗಬೇಡಿ. 2012ರಲ್ಲಿ ಅಲ್ಲಿ ಡ್ರ್ಯಾಗನ್ ಮುಖ ಮೂಡಿತಂತೆ. ಕಲ್ಲು ಒದ್ದೆಯಾದರಷ್ಟೇ ಅದು ಚೆನ್ನಾಗಿ ಕಾಣುವುದು. ಅಲ್ಲಿನ ಪಂಚಾಂಗದಲ್ಲಿ ಅಂದು ಡ್ರ್ಯಾಗನ್ ವರ್ಷ ಬೇರೆ. ತೋಳದ ಮನೆಗೆ ಬಂದು ಫೋಟೋ ಎಲ್ಲ ಅದಕ್ಕೇ!

ತಿಂಗಳ ಒಂದನೇ ತಾರೀಖು ಮಾತ್ರ ಕೊಡುತ್ತಿದ್ದ ಬಿಳಿ ತಾಯಿತಕ್ಕಾಗಿ ಬೆಟ್ಟದ ರಸ್ತೆಯೆಲ್ಲ ಕಾರುಗಳಿಂದ ಕಟ್ಟಿಕೊಂಡು, 2018ರಲ್ಲಿ ಅದನ್ನೇ ನಿಲ್ಲಿಸಿದರು. ಈಗಲೂ ತೋಳವನ್ನೇ ಸಾಲ ತರಬಹುದು: ಅದರ ಶಕ್ತಿ ಆವಾಹಿಸಿದ ರಕ್ಷಾಪತ್ರವನ್ನು ಮನೆಯಲ್ಲಿಟ್ಟು, ವರ್ಷಕ್ಕೆ ಹಿಂದಿರುಗಿಸಬೇಕು. ಬೆಂಕಿ, ಕಳ್ಳರಿಂದ ಕಾವಲು. ನಿಜವಾದ ಜಪಾನಿ ತೋಳದ ಕೊನೆಯ ದಾಖಲೆ 1905ರದ್ದು, ಕಾವಲು ಕೆಲಸಕ್ಕೆ ಮಾತ್ರ ನಿವೃತ್ತಿಯಿಲ್ಲ. ಒಂದು ತೋಳಕ್ಕೆ ಐವತ್ತು ಮನೆ ಎಂಬುದು ಹಳೆಯ ಲೆಕ್ಕ. ಐವತ್ತೊಂದನೆಯ ಫ್ಲ್ಯಾಟಿನವರು ಅಸೋಸಿಯೇಷನ್ ಮೀಟಿಂಗಿನಲ್ಲಿ ಬಗೆಹರಿಸಿಕೊಳ್ಳಲಿ.