ಗಲ್ಫಿನಿಂದ ಬರೀ ಗಾಜು ಬಂದರೆ ಸಾಕಾ?

ದುಬೈಯಲ್ಲಿ ಕಟ್ಟಡಗಳ ಏಸಿ ನೋಡಿಕೊಳ್ಳುವುದು ನನ್ನ ಕೆಲಸ. ಊರಿಗೆ ಬಂದಾಗಲೂ ಕಟ್ಟಡದ ಎದುರಿಗಿಂತ ಅದರ ಮಾಡು, ಹಿಂಬದಿಯ ಮೇಲೆಯೇ ಕಣ್ಣು ಹೋಗುತ್ತದೆ. ಮಂಗಳೂರು, ಉಡುಪಿಯಲ್ಲಿ ಈಗ ಏಳುತ್ತಿರುವ ಶೋರೂಮು, ಆಫೀಸುಗಳೆಲ್ಲ ನೋಡಲು ದುಬೈಯವುಗಳ ಹಾಗೆಯೇ ಇವೆ. ಎದುರಿಗೆ ಕೆಳಗಿಂದ ಮೇಲಿನವರೆಗೂ ಗಾಜು. ಆದರೆ ಅಲ್ಲಿ ಆ ಗಾಜಿನ ಹಿಂದೆ ಇರುವುದು ಯಾವುದೂ ಇಲ್ಲಿಗೆ ಬಂದಿಲ್ಲ.

ಅಲ್ಲಿನ ಹೊಸ ಕಟ್ಟಡಗಳಲ್ಲಿ ಗಾಜು ಎರಡು ಪದರದ್ದು, ಕಾವು ತಡೆಯುವ ಲೇಪನ ಇರುವಂಥದ್ದು. ಮಾಡಿನ ಮೇಲೆ ಇನ್ಸುಲೇಷನ್, ಅಂದರೆ ಕಾವು ಒಳಗಿಳಿಯದಂತೆ ತಡೆಯುವ ಪದರ, ಇರುತ್ತದೆ. ಎಷ್ಟೋ ಕಡೆ ಒಂದೇ ಸ್ಥಾವರದಲ್ಲಿ ನೀರು ತಣ್ಣಗೆ ಮಾಡಿ, ನೆಲದಡಿಯ ಪೈಪಿನಲ್ಲಿ ಇಡೀ ಬಡಾವಣೆಯ ಕಟ್ಟಡಗಳಿಗೆ ಕಳಿಸುತ್ತಾರೆ. ಅಷ್ಟೆಲ್ಲ ನಮ್ಮೂರಿಗೆ ಬೇಕು ಅಂತ ನಾನು ಹೇಳುತ್ತಿಲ್ಲ. ಅದು ಮರಳುಗಾಡಿನ ದುಬಾರಿ ದಾರಿ. ಆದರೆ ಆ ವ್ಯವಸ್ಥೆ ಬಿಟ್ಟು ಗಾಜು ಮಾತ್ರ ತಂದರೆ ಕಟ್ಟಡ ಸುಮ್ನೆ ಬಿಸಿಯೇರುತ್ತದೆ.

ಪಡುವಣಕ್ಕೆ ಮುಖ ಮಾಡಿದ ಒಂದೇ ಪದರದ ಗಾಜಿನ ಅಂಗಡಿಗೆ ಏಪ್ರಿಲಿನ ಮಧ್ಯಾಹ್ನ ಹೋಗಿ ನೋಡಿ. ಬಿಸಿಲು ತಡೆಯಲು ಒಳಗಿಂದ ಪರದೆ ಎಳೆದಿರುತ್ತಾರೆ. ಕತ್ತಲಾಯಿತು ಅಂತ ಹಗಲಲ್ಲೇ ಲೈಟು ಹಾಕಿರುತ್ತಾರೆ. ಗಾಜು ದಾಟಿ ಒಳಗೆ ಬಂದ ಕಾವು ಪರದೆಯಿಂದ ಹೊರಗೆ ಹೋಗುವುದಿಲ್ಲ. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ರಥಬೀದಿಯ ಹಳೇ ಅಂಗಡಿಗಳ ಮುಂದೆ ಚಾಚಿದ ಮಾಡು ಮಾಡುತ್ತಿದ್ದುದು ಅದೇ ಕೆಲಸ ಅಲ್ವಾ? ಅಲ್ಲಿ ಹಂಚುಗಳ ಸಂದಿಯಿಂದ ಬಿಸಿಗಾಳಿ ತಾನಾಗಿ ಮೇಲೆ ಹೋಗುತ್ತಿತ್ತು.

ಉಡುಪಿಯ ಒಂದು ಬಟ್ಟೆ ಅಂಗಡಿಯ ಹಿಂಬದಿ ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಎರಡು ಕಟ್ಟಡಗಳ ನಡುವೆ ಒಬ್ಬ ಅಡ್ಡಡ್ಡ ನುಸುಳುವಷ್ಟು ಓಣಿ. ಅಲ್ಲಿ ಏಸಿಯ ಔಟ್‌ಡೋರ್ ಯೂನಿಟ್‌ಗಳನ್ನು ಒಂದರ ಮೇಲೊಂದು ಗೋಡೆಗೆ ಬಿಗಿದಿದ್ದರು. ಕೆಳಗಿನದು ಬಿಡುವ ಬಿಸಿಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತಿತ್ತು. ಉಪ್ಪುಗಾಳಿಗೆ ಯೂನಿಟ್ಟಿನ ಕಾವು ಹೊರಹಾಕುವ ತೆಳು ಅಲ್ಯೂಮಿನಿಯಂ ರೆಕ್ಕೆಗಳು (ಫಿನ್‌ಗಳು) ಪುಡಿಪುಡಿಯಾಗಿದ್ದವು, ಉಳಿದಲ್ಲಿ ಧೂಳು ಕಟ್ಟಿತ್ತು. ಕಾವು ಹೊರಗೆ ಹಾಕಲು ಜಾಗವೇ ಇಲ್ಲದಿದ್ದರೆ ಎಷ್ಟು ಟನ್ನಿನ ಏಸಿ ಹಾಕಿ ಏನು ಪ್ರಯೋಜನ? ಕಂಪ್ರೆಸರ್ ಇಡೀ ದಿನ ಏದುಸಿರು ಬಿಡುತ್ತದೆ, ಕರೆಂಟ್ ಬಿಲ್ ಏರುತ್ತದೆ.

ಇನ್ನು ನಮ್ಮ ಸೆಕೆ. ಇಲ್ಲಿ ಬಿಸಿಲಿಗಿಂತ ಗಾಳಿಯ ತೇವವೇ ಜಾಸ್ತಿ ಕಾಡುವುದು. ಏಸಿ ಗಾಳಿಯನ್ನು ತಣ್ಣಗೆ ಮಾಡಿದರೆ ಸಾಲದು, ನೀರನ್ನೂ ಹಿಂಡಿ ತೆಗೆಯಬೇಕು. ಬೇಕಾದ್ದಕ್ಕಿಂತ ದೊಡ್ಡ ಏಸಿ ಹಾಕಿದರೆ ಅದು ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ, ತೇವ ಅಲ್ಲೇ ಉಳಿಯುತ್ತದೆ. ಮೈ ಅಂಟಂಟು ಅಂತ ಯಾರೋ 18ಕ್ಕೆ ಇಳಿಸುತ್ತಾರೆ. 2020ರ ಜನವರಿಯಿಂದ ನಮ್ಮ ದೇಶದಲ್ಲಿ ಸ್ಟಾರ್ ಲೇಬಲ್ಲಿನ ರೂಮ್ ಏಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತಿವೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟ್ ಉಳಿಯುತ್ತದೆ ಎನ್ನುವುದು ಇಂಧನ ದಕ್ಷತಾ ಬ್ಯೂರೋ ಲೆಕ್ಕ. 26ಕ್ಕೆ ಇಟ್ಟು ಫ್ಯಾನ್ ಹಾಕಿ, ಬಾಗಿಲು ಮುಚ್ಚಿಡಿ. ಆರಾಮಾಗಿ ಕೂರಬಹುದು.

ಒಂದು ವಿಷಯದಲ್ಲಿ ಮಾತ್ರ ನಮ್ಮೂರಿನವರು ಮುಂದಿದ್ದಾರೆ. ಏಪ್ರಿಲ್ ಕೊನೆಗೆ ನಡುಹಗಲ ಸೂರ್ಯ ಮಂಗಳೂರಿನ ನೆತ್ತಿಯ ಮೇಲೇ ಇರುತ್ತಾನೆ. ಆಗ ಅತಿ ಹೆಚ್ಚು ಕಾಯುವುದು ಟೆರೇಸು. ಮಳೆಗಾಲದ ಸೋರಿಕೆಗೆ ಹೆದರಿ ನಾವು ಟೆರೇಸಿನ ಮೇಲೆ ಶೀಟಿನ ಮಾಡು ಹಾಕುತ್ತೇವಲ್ಲ, ಅದೇ ಬೇಸಿಗೆಗೂ ಕೊಡೆ. ಬಿಸಿಲು ಶೀಟಿನ ಮೇಲೆ ನಿಲ್ಲುತ್ತದೆ, ನಡುವಿನ ಜಾಗದಲ್ಲಿ ಗಾಳಿ ಹರಿದು ಕಾವು ಹೊತ್ತೊಯ್ಯುತ್ತದೆ. ಆದರೆ ಗಾಳಿ ಹರಿಯಬೇಕು. ಎಷ್ಟೋ ಕಡೆ ಗೋಡಾನ್ ಮಾಡಲು ನಾಲ್ಕೂ ಬದಿ ಮುಚ್ಚಿದ್ದಾರೆ. ಕೆಲವರು ಔಟ್‌ಡೋರ್ ಯೂನಿಟ್‌ಗಳನ್ನೂ ಅದರೊಳಗೇ ಕೂರಿಸಿದ್ದಾರೆ. ಹಾಗಿರುವ ಕಟ್ಟಡದ ಮಾಲೀಕರಲ್ಲಿ ನನ್ನದೊಂದು ವಿನಂತಿ. ಎದುರುಬದುರಿನ ಎರಡು ಬದಿಗಳನ್ನಾದರೂ ತೆರವು ಮಾಡಿಸಿ, ಯೂನಿಟ್‌ಗಳನ್ನು ಅಂಚಿಗೆ ತಂದು ಹೊರಮುಖವಾಗಿ ಇಡಿಸಿ, ಮುಂದಿನ ಸಲ ಶೀಟು ಬದಲಿಸುವಾಗ ಬಿಳಿ ಬಣ್ಣದ್ದೇ ಹಾಕಿಸಿ. ಹೊಸದಾಗಿ ಕಟ್ಟಿಸುವವರು ನಕ್ಷೆಗೆ ಸಹಿ ಹಾಕುವ ಮುಂಚೆ ಪಡುವಣ ಗೋಡೆಗೆ ನೆರಳು ಎಲ್ಲಿಂದ ಬರುತ್ತದೆ ಅಂತ ಇಂಜಿನಿಯರ್ ಹತ್ತಿರ ಕೇಳಿ.